ಸುಣ್ಣದ ಗೆರೆಯ ಕೋಣೆ

ಹಿರಿಯೂರಿನಲ್ಲಿ ಹೊಸ ಜೈಲಿನ ನಕ್ಷೆ ಮಾಡಿದ ಇಂಜಿನಿಯರ್ ಮೇಡಂಗೆ ನಿಧಾನವಾಗಿ ನಡೆಯೋಕೇ ಬರುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಜೈಲು ಕಟ್ಟಬೇಕಿದ್ದ ಬಯಲ ತುಂಬ ಓಡುತ್ತಾ, ಪ್ರತಿ ಕೋಣೆಯನ್ನೂ ನಿಜವಾದ ಅಳತೆಯಲ್ಲೇ ಸುಣ್ಣದ ಪುಡಿಯಿಂದ ನೆಲದ ಮೇಲೆ ಬರೆಯುತ್ತಿದ್ದರು. ಯಾರೇ ಬರಲಿ, ಅವರದು ಒಂದೇ ಮಾತು: “ಒಳಗ್ ಕುಂತ್ಕಳ್ರಿ, ಆಮ್ಯಾಲೆ ಮಾತಾಡಾಣ.” ಅವರ ಕೈಕೆಳಗಿದ್ದ ನನ್ನನ್ನೂ ಎಲ್ಲಾ ಕೋಣೆಯಲ್ಲೂ ಕೂರಿಸಿದ್ದರು.

ಒಂದು ದಿನ ಇಲಾಖೆಯ ದೊಡ್ಡ ಸಾಹೇಬರು ಬಂದವರೇ, “ಖರ್ಚು ಜಾಸ್ತಿ ಐತೆ. ಕೋಣೆ ಚಿಕ್ಕವು ಮಾಡ್ರಿ” ಅಂದರು. ನಕ್ಷೆಯೇ ಹೋಯಿತಲ್ಲ ಅಂದುಕೊಂಡೆ ನಾನು. ಮೇಡಂ ಮುಖ ಮಾತ್ರ ಅರಳಿತು!

“ಒಳಗ್ ಕುಂತ್ಕಳ್ರಿ ಸಾರ್.”

ಸಾಹೇಬರು ನಗುತ್ತಾ ಕೂತರು. ಮೇಡಂ ಅವರೆದುರಿನ ಗೆರೆಯನ್ನು ಚಪ್ಪಲಿಯಿಂದ ಅಳಿಸಿ, ಅವರ ಕಾಲಿನ ಹತ್ತಿರಕ್ಕೇ ಹೊಸ ಗೆರೆ ಎಳೆದರು. ಸಾಹೇಬರು ತಮಗೇ ತಿಳಿಯದಂತೆ ಕಾಲು ಮಡಚಿಕೊಂಡರು. ನಗು ನಿಂತಿತು.

“ಎರಡು ಸಾಲು ಕೋಣೆ ಬೆನ್ನಿಗೆ ಬೆನ್ನು ಹಚ್ಚಿದ್ರೆ ನಡುವೆ ಒಂದೇ ಗೋಡೆ ಸಾಕು. ಗೋಡೆ ಕಮ್ಮಿ ಮಾಡಾಣ ಸಾರ್, ಜಾಗ ಬ್ಯಾಡ.”

“ಆಯ್ತು, ಹಂಗೇ ಕಟ್ರಿ.”

ಅಷ್ಟು ಕೇಳಿದ್ದೇ ತಡ, ಮೇಡಂ ಸುಣ್ಣದ ಪುಟ್ಟಿ ಎತ್ತಿಕೊಂಡು ಓಡಿದರು. ಸಾಹೇಬರು ಎದ್ದು ನಿಂತರು. ಸುತ್ತ ಬಟಾಬಯಲು. ಆದರೂ ಬಾಗಿಲಿಗೆಂದು ಗೆರೆ ಬಿಟ್ಟಿದ್ದ ಜಾಗವನ್ನೇ ಹುಡುಕಿ, ಅಲ್ಲಿಂದಲೇ ಹೊರಗೆ ಬಂದರು.