ಕೆರೆದು ತೆಗೆದ ಬೋಟಿನ ಹೆಸರು

ಕದಿಯುವವರನ್ನಾದರೂ ಸಹಿಸಿಯೇನು, ಕದ್ದ ಮೇಲೆ ನ್ಯಾಯ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊನ್ನಾವರದ ಐಸ್ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಬಿಲ್ ಬರೆಯುವ ದೀಪಿಕಾಗೆ ಅಂಥವರೇ ಗಂಟುಬಿದ್ದರು.

ಅವಳ ಅಪ್ಪ ದಾಸ ‘ಜಯದುರ್ಗಾ’ ಬೋಟು ನಡೆಸುತ್ತಿದ್ದ. ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ, ಇಳಿತದ ಹೊತ್ತಿಗೆ ಒಳಬರಲು ಹೋಗಿ ಬೋಟು ಮರಳದಿಬ್ಬಕ್ಕೆ ಬಡಿದು ಮಗುಚಿತು. ದಾಸ ಸಿಗಲಿಲ್ಲ, ಬೋಟಿನ ಒಂದು ಹಲಗೆಯೂ ಸಿಗಲಿಲ್ಲ. ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿತಿದ್ದ ಮಗಳು, ಅಳಿವೆಯನ್ನು ಯಾವ ಹೊತ್ತಿಗೆ ದಾಟಬಹುದು ಎಂದು ಹೇಳುವ ಆ್ಯಪ್ ಬರೆದಳು. ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಅದರ ಕೋಡನ್ನೂ ಇಂಟರ್ನೆಟ್ಟಿನಲ್ಲಿ ಬಿಟ್ಟಳು. ಷರತ್ತು ಒಂದೇ: ಹಕ್ಕುದಾರರ ಹೆಸರನ್ನು ತೆಗೆಯಬಾರದು.

ಹೆಸರಿನ ಜಾಗದಲ್ಲಿ ಅವಳು ಬರೆದದ್ದು ‘ಜಯದುರ್ಗಾ, ಹೊನ್ನಾವರ’. ನಮ್ಮ ಬಂದರಿನಲ್ಲಿ ಜನರನ್ನು ಗುರುತಿಸುವುದೇ ಬೋಟಿನ ಹೆಸರಿನಿಂದ. ದೀಪಿಕಾ ಅಂದರೆ ಯಾವ ದೀಪಿಕಾ ಅನ್ನುತ್ತಾರೆ, ಜಯದುರ್ಗಾದ ಹುಡುಗಿ ಅಂದರೆ ಸಾಕು.

ಕಳೆದ ವರ್ಷ ದೊಡ್ಡ ಊರಿನ ಕಂಪನಿಯೊಂದು ಅದೇ ಆ್ಯಪಿಗೆ ಬಣ್ಣ ಬಳಿದು, ಬೋಟಿನ ಹೆಸರು ಕಿತ್ತು, ತನ್ನ ಹೆಸರು ಹಾಕಿ ಮಾರಲು ತಂದಿತು. ಒಳಗೆ ಸಾಲಿಗೆ ಸಾಲು ಅವಳದೇ. ದೀಪಿಕಾ ಕೇಳಿದ್ದಕ್ಕೆ ಉತ್ತರ ಬಂತು: ‘ಜಯದುರ್ಗಾ ಎಂಬುದು ದೋಣಿ. ದೋಣಿಗೆ ಹಕ್ಕುಸ್ವಾಮ್ಯವಿಲ್ಲ.’

ನಮ್ಮಲ್ಲಿ ದುಡ್ಡು ಕೊಟ್ಟು ಹಳೇ ಬೋಟು ಕೊಂಡವನೂ ಮಾರಿದವನನ್ನು ಕೇಳಿ, ಕಾಯಿ ಒಡೆದ ಮೇಲೆಯೇ ಹೆಸರು ಕೆರೆಯುತ್ತಾನೆ. ಇವರು ಬಿಟ್ಟಿ ಪಡೆದು ಕೆರೆದರು. ಉಂಡ ಮನೆಗೆ ಎರಡು ಬಗೆಯುವ ಜನ, ಥೂ!

ಬಂದರಿನಲ್ಲಿ ಒಬ್ಬರೂ ಆ ಆ್ಯಪ್ ಕೊಳ್ಳಲಿಲ್ಲ; ಎಲ್ಲರ ಫೋನಿನಲ್ಲೂ ದೀಪಿಕಾ ಬರೆದ ‘ಜಯದುರ್ಗಾ’ವೇ ಇತ್ತು. ಆಗ ಕಂಪನಿಯ ಕೃಷ್ಣಾನಂದ ಎಂಬವನು ಫ್ಯಾಕ್ಟರಿಗೇ ಬಂದ, ಮಾತೆಲ್ಲ ಬೆಣ್ಣೆ.

“ಮೇಡಂ, ನಿಮ್ಮ ಸ್ವಂತ ಹೆಸರನ್ನೇ ದೊಡ್ಡದಾಗಿ ಹಾಕ್ತೇವೆ. ದೋಣಿಯದ್ದು ಬೇಡ, ಚಂದ ಕಾಣೋದಿಲ್ಲ.”

ನಾನು ಅವಳನ್ನು ತಿವಿದೆ. “ಆತು ಅನ್ನೇ ಮಾರಾಯ್ತಿ. ನಿನ್ನ ಹೆಸ್ರೇ ಬತ್ತದಲ್ಲ?”

ದೀಪಿಕಾ ನನ್ನನ್ನೂ ಸುಡುವ ಹಾಗೆ ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

“ನನ್ನ ಹೆಸ್ರು ಎಂತಕ್ಕೆ? ನಾನು ಇಲ್ಲೇ ಇದ್ದೇನೆ, ಕರೆದ್ರೆ ಓ ಅಂತೇನೆ. ಅಪ್ಪನ್ನ ನೀರು ನುಂಗ್ತು, ಬೋಟನ್ನೂ ನುಂಗ್ತು. ಉಳ್ದದ್ದು ಅದೊಂದು ಹೆಸ್ರು, ಅದನ್ನ ನೀವು ನುಂಗಿದ್ರಿ. ಇದ್ದಲ್ಲೇ ವಾಪಸ್ ಹಾಕಿ. ಇಲ್ಲಾಂದ್ರೆ ನನ್ನ ಕೋಡು ಮುಟ್ಬೇಡಿ.”

ಮೇಲಿನವರನ್ನು ಕೇಳುತ್ತೇನೆ ಎಂದು ಹೋದವನು ಇನ್ನೂ ಕೇಳುತ್ತಲೇ ಇದ್ದಾನೆ. ದೀಪಿಕಾ ಕುಮಟೆಯ ವಕೀಲರನ್ನು ಹಿಡಿದಿದ್ದಾಳೆ. ಗೆಲ್ಲುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ಮೀನು ತುಂಬಿಕೊಂಡು ಮರಳುವ ಬೋಟುಗಳು ಅಳಿವೆಯ ಹೊರಗೆ ಇಂಜಿನ್ ತಗ್ಗಿಸಿ, ಒಂದನ್ನೊಂದು ವಯರ್‌ಲೆಸ್ಸಿನಲ್ಲಿ ಈಗಲೂ ಕೇಳುತ್ತವೆ:

“ಜಯದುರ್ಗಾ ಎಂತ ಹೇಳ್ತದೆ? ಒಳಗೆ ಬರ್ಲಕ್ಕಾ?”