ಚಿಗವ್ವ ಒತ್ತಿದ ವೋಟು

ಇವತ್ತು ಬೆಳಿಗ್ಗೆ ಹಳಿಯಾಳದ ಬ್ಯಾಂಕಿನಲ್ಲಿ, ನನ್ನ ಮುಂದೆ ನಿಂತಿದ್ದ ಮುದುಕಿಯ ಹೆಬ್ಬೆಟ್ಟು ತಗೊಳ್ಳಲು ಗುಮಾಸ್ತ ಸ್ಟಾಂಪ್ ಪ್ಯಾಡಿನ ಡಬ್ಬಿ ತೆರೆದ. ಆ ನೇರಳೆ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಧಸಕ್ಕೆಂದಿತು. ಮಸಿಯ ವಾಸನೆಗೆ ಎದೆ ಧಸಕ್ಕೆನ್ನುವ ಹೆಂಗಸು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ನಗಬೇಡಿ, ಕಾರಣ ಇದೆ.

ನಾನು ಬೆಳೆದದ್ದು ಮುಂಡಗೋಡ ತಾಲ್ಲೂಕಿನ ಚಿಗಳ್ಳಿ ಕಡೆಯ ಸಣ್ಣ ಊರಲ್ಲಿ, ನನ್ನ ಅವ್ವನ ತಂಗಿ ನೀಲವ್ವ ಚಿಗವ್ವನ ಮನೆಯಲ್ಲಿ. ನಮ್ಮದು ಕೆಳಗಿನ ಓಣಿ. ಅಲ್ಲಿ ಎಲ್ಲ ಇತ್ತು, ಜಗಳ ಸಹಿತ; ನೀರೊಂದು ಇರಲಿಲ್ಲ. ದಿನಾ ಊರಾಚೆಯ ಬಾವಿಯಿಂದ ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ತರಬೇಕು. ಚಿಗವ್ವನ ಮೊಣಕಾಲು ಆಗಲೇ ಕೈಕೊಟ್ಟಿತ್ತು. ಏರು ಹತ್ತುವಾಗ "ಅಯ್ಯೋ ನಮ್ಮಪ್ಪಾ" ಎಂದು ನಡುದಾರಿಯಲ್ಲೇ ಕೂತುಬಿಡುತ್ತಿದ್ದಳು.

ತೊಂಬತ್ತರ ದಶಕದಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ನಮ್ಮ ವಾರ್ಡಿನ ಸೀಟು ಹೆಣ್ಣುಮಕ್ಕಳಿಗೆ ಅಂತ ತಿಳಿದು ಕಟ್ಟೆಯ ಮೇಲಿನ ಗಂಡಸರಿಗೆ ಗರ ಬಡಿದಂತಾಯಿತು. "ಹೆಂಗಸೂರು ಪಂಚಾಯ್ತಿ ಮಾಡಿದ್ರ ನಾವೇನು ರೊಟ್ಟಿ ಬಡೀಬೇಕನು?" ಎಂದು ಕೂಗಾಡಿದರು. ಆಮೇಲೆ ಬುದ್ಧಿ ಬಂತು. ವಾರ್ಡಿಗೆ ಒಂದೇ ಬೋರಿಂಗು ಬರುವುದಿತ್ತು. ಯಾವ ಓಣಿಯವಳು ಗೆಲ್ಲುತ್ತಾಳೋ ನೀರು ಆ ಓಣಿಗೆ. ಕೆಳಗಿನ ಓಣಿ ಚಿಗವ್ವನನ್ನು ನಿಲ್ಲಿಸಿತು, ಮೇಲಿನ ಓಣಿ ಪಾರವ್ವನನ್ನು.

ತಮಾಷೆ ನೋಡಿ, ಇವರಿಬ್ಬರೂ ಜೀವದ ಗೆಳತಿಯರು. ಹಬ್ಬ ಬಂತೆಂದರೆ ಇವಳ ಉಡಿ ಅವಳು, ಅವಳ ಉಡಿ ಇವಳು ತುಂಬಬೇಕು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಬೀಳದೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಪಿಯುಸಿಯಲ್ಲಿ ಒಂದು ಸಲ ಡುಮ್ಕಿ ಹೊಡೆದಿದ್ದರೂ ಹೆಂಗಸರ ಪಾಲಿಗೆ ನಾನೇ ಪಂಡಿತೆ. ಸಾಲಿ ಮಾಸ್ತರರಿಂದ ಸ್ಟಾಂಪ್ ಪ್ಯಾಡು ಬೇಡಿ ತಂದು, ರದ್ದಿ ಕಾಗದದ ಮೇಲೆ ಚಿತ್ರ ಬರೆದು, ವೋಟು ಒತ್ತುವುದನ್ನು ಕಲಿಸಿದೆ. ಚಿಗವ್ವನ ಗುರುತು ಹೊಲಿಗೆ ಮಷೀನು, ಪಾರವ್ವನದು ತಕ್ಕಡಿ. ಮೇಲಿನ ಓಣಿಯ ಹೆಂಗಸರೂ ಬಂದು ಕೂತರು. ಬಾಗಿಲಿಗೆ ಬಂದವರನ್ನು ಹೋಗಿರಿ ಅನ್ನಲಾದೀತೇ? ಪಾರವ್ವ ಎಲ್ಲರಿಗಿಂತ ಮುಂದೆ ಕೂತು, ನಾಲಿಗೆ ಕಚ್ಚಿಕೊಂಡು, ಒತ್ತಿದ್ದೇ ಒತ್ತಿದ್ದು. "ನಾಚಬ್ಯಾಡ್ರಿ, ನಿಮ್ಮ ಗುರುತಿಗೆ ನೀವ ಒತ್ತಬೇಕು" ಎಂದು ನಾನು ಗಂಟಲು ಹರಿದುಕೊಂಡೆ. ಚಿಗವ್ವ ಮಾತ್ರ ಒಳಗೆ ಎಲ್ಲರಿಗೂ ಚಹಾ ಕಾಸುತ್ತಿದ್ದಳು. ಮನೆಯವಳಿಗೇನು ಬೇರೆ ಕಲಿಸುವುದು ಎಂದು ನಾನೂ ಬಿಟ್ಟೆ.

ಮುಂಡಗೋಡದಲ್ಲಿ ಎಣಿಕೆಯಾಯಿತು. ಚಿಗವ್ವ ಸೋತಿದ್ದಳು. ಒಂದೇ ಒಂದು ವೋಟಿನಿಂದ!

ನನಗೆ ನೆಲವೇ ಬಾಯಿಬಿಟ್ಟಂತಾಯಿತು. ಯಾರು ಕೈಕೊಟ್ಟವರು? ಓಣಿಯ ಒಂದೊಂದು ಮನೆಯ ಹೆಸರು ಹಿಡಿದು ಶಾಪ ಹಾಕತೊಡಗಿದೆ. ಚಿಗವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಇದ್ದಳು. ಕಡೆಗೆ, "ಮಂದೀಗೆ ಯಾಕ ಬೈತಿ? ನಾನ ಪಾರವ್ವಗ ಒತ್ತೇನಿ" ಅಂದಳು.

"ಏನಂದಿ?"

"ಮತ್ತೇನು, ನನಗ ನಾನ ಒತ್ಕೊಳ್ಳಲೇನು? ತನ್ನ ಉಡಿ ತಾನ ಯಾರರ ತುಂಬ್ಕೊಂತಾರೇನ?"

ಆಗ ನನ್ನ ಬಾಯಿಂದ ಹೊರಟ ಮಾತುಗಳು ಇಲ್ಲಿ ಬರೆಯುವಂಥವಲ್ಲ. ಚಿಗವ್ವ ರೊಟ್ಟಿ ಮಗುಚಿ ಹಾಕಿ, ಸಮಾಧಾನದಿಂದ, "ಅಕಿನೂ ನನಗ ಒತ್ತಿರ್ತಾಳ ಬಿಡು. ಗೆಲುವು ಸೋಲು ದೇವರಿಗೆ ಬಿಟ್ಟದ್ದು" ಅಂದಳು.

ಅಷ್ಟರಲ್ಲಿ ಪಾರವ್ವನೇ ಬಂದಳು, ಕೈಯಲ್ಲಿ ಪೇಢೆ ಹಿಡಿದು. ನಾನು ತಡೆಯದೆ ಕೇಳಿಬಿಟ್ಟೆ, "ಅತ್ತೀ, ನೀ ಯಾರಿಗೆ ಒತ್ತಿದಿ?"

"ನನಗ ನಾನ ಒತ್ತೀನವಾ. ನೀನ ಕಲಿಸಿದ್ಯಲ್ಲ?"

ಅವಳ ಮುಖದಲ್ಲಿ ಕಪಟ ಇರಲಿಲ್ಲ. ಪಾಠ ಒಪ್ಪಿಸಿದ ಹುಡುಗಿಯ ಹಿಗ್ಗಿತ್ತು. ಆದರೆ ಚಿಗವ್ವನ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು. ಸೋಲಿನ ಸುದ್ದಿಗೆ ಅಲುಗದವಳು ಈಗ ಗೋಡೆಯ ಕಡೆ ಮುಖ ತಿರುಗಿಸಿದಳು. ಪೇಢೆ ಮುಟ್ಟಲಿಲ್ಲ. ಬೋರಿಂಗು ಮೇಲಿನ ಓಣಿಗೆ ಹೋಯಿತು. ಪಾರವ್ವ ಎಷ್ಟು ಕರೆದರೂ ಚಿಗವ್ವ ಅಲ್ಲಿಂದ ಒಂದು ತಂಬಿಗೆ ನೀರು ತರಲಿಲ್ಲ. ಆ ಮೊಣಕಾಲು ಎಳೆದುಕೊಂಡು ಹಳೆಯ ಬಾವಿಗೇ ಹೋದಳು. ಐದು ವರ್ಷ ಉಡಿಯೂ ಇಲ್ಲ, ಮಾತೂ ಇಲ್ಲ. ಸರಕಾರ ಊರಿಗೆ ಒಂದು ವೋಟಿನ ಪೆಟ್ಟಿಗೆ ಕಳಿಸಿ ಇಷ್ಟೆಲ್ಲ ಮಾಡೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮುಂದಿನ ಚುನಾವಣೆಯಲ್ಲೂ ಸೀಟು ಹೆಣ್ಣುಮಕ್ಕಳಿಗೇ ಬಂತು, ಮತ್ತೆ ಅವರಿಬ್ಬರೇ ನಿಂತರು. ಈ ಸಲ ಗೆದ್ದವರ ಓಣಿಗೆ ನಲ್ಲಿ. ನಾನು ಚಿಗವ್ವನ ಕೈ ಹಿಡಿದು ಹಗಲೆಲ್ಲ ಕಲಿಸಿದೆ, ತನಗೇ ಒತ್ತುತ್ತೇನೆಂದು ಆಣೆ ಮಾಡಿಸಿಕೊಂಡೆ. ವೋಟು ಹಾಕಿ ಹೊರಗೆ ಬಂದಾಗ ಅವಳ ಮುಖ ಬಿಳಿಚಿತ್ತು. "ಒತ್ತಿದೆ. ನನಗ" ಎಂದು ನನ್ನ ಕಿವಿಯಲ್ಲಿ ಹೇಳಿ, ಕಳವು ಮಾಡಿದವಳ ಹಾಗೆ ಸರಸರ ನಡೆದಳು.

ಗೆದ್ದಳು. ಓಣಿ ಗುಲಾಲು ಹಾರಿಸಿತು. ನಾನಂತೂ ಕುಣಿದೆ.

ಆ ಗದ್ದಲದಲ್ಲೇ ಪಾರವ್ವ ಅಂಗಳಕ್ಕೆ ಬಂದಳು. ಹರಿವಾಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು. ಯಾರನ್ನೂ ಕೇಳದೆ ಚಿಗವ್ವನ ಸೆರಗು ಹಿಡಿದು ಉಡಿ ತುಂಬಿದಳು. "ಹ್ವಾದ ಸಲ ನನ್ನಿಂದ ತಪ್ಪಾತು ನೀಲವ್ವಾ. ನನಗ ತಿಳೀಲಿಲ್ಲ. ನೀ ನನಗ ಒತ್ತಿದ್ದು ಆಮ್ಯಾಲ ಮಂದಿ ಬಾಯಾಗ ಕೇಳಿದೆ. ಈ ಸಲ ನಿನಗ ಒತ್ತೇನಿ ನೋಡು. ನೀನೂ ಹ್ವಾದ ಸಲದಂಗ ನನಗ ಒತ್ತಿರ್ತಿ, ನನಗ ಗೊತ್ತೈತಿ."

ಚಿಗವ್ವ ತಲೆ ಎತ್ತಲಿಲ್ಲ. ತುಂಬಿದ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಣ್ಣಷ್ಟೇ ತಿರುಗಿಸಿ ನನ್ನತ್ತ ನೋಡಿದಳು. ಆ ನೋಟ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ. ಮರುಕ್ಷಣ ಪಾರವ್ವನಿಗೆ, "ಹೂಂ" ಅಂದಳು.

ಕೆಳಗಿನ ಓಣಿಗೆ ನಲ್ಲಿ ಬಂತು. ಗೆಳೆತನವೂ ತಿರುಗಿ ಬಂತು, ಸಾಯುವ ತನಕ ಗಟ್ಟಿಯಾಗಿತ್ತು. ಈಗ ಇಬ್ಬರೂ ಇಲ್ಲ. ವೋಟು ಹೇಗೆ ಹಾಕಬೇಕೆಂದು ಊರಿಗೆ ಕಲಿಸಿದವಳು ನಾನೇ ಎಂದು ಮೊನ್ನೆ ಮೊನ್ನೆಯವರೆಗೂ ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. ಇವತ್ತು ಆ ಮಸಿಯ ವಾಸನೆ ಬಡಿದ ಮೇಲೆ ಇನ್ನು ಆಗುವುದಿಲ್ಲ. ಆ "ಹೂಂ" ಸುಳ್ಳೆಂದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ ಇದ್ದೆವು. ಈಗ ನಿಮಗೆ ಹೇಳಿದ್ದೇನೆ.