ಅಪ್ಪ ಮನೆಯಲ್ಲೇ ಗಡ್ಡ ತೆಗೆದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ನೆಕ್ರಾಜೆಯ ಕಡೆ ಗಂಡಸರು ಯಾರೂ ಮನೆಯಲ್ಲಿ ಗಡ್ಡ ತೆಗೆಯುತ್ತಿರಲಿಲ್ಲ. ಅದಕ್ಕೆ ಅಂಗಡಿಗೇ ಹೋಗಬೇಕಿತ್ತು. ರಸ್ತೆಯ ತಿರುವಿನಲ್ಲಿ ಹುಲ್ಲಿನ ಮಾಡಿನ ಕ್ಷೌರದ ಅಂಗಡಿಯೊಂದಿತ್ತು. ಒಳಗೆ ಒಂದು ಮರದ ಕುರ್ಚಿ, ಎದುರಿಗೆ ಕಲೆ ಬಿದ್ದ ಕನ್ನಡಿ, ಗೋಡೆಗೆ ತಾಗಿ ಒಂದು ಬೆಂಚು. ಸಾಬೂನು, ತೆಂಗಿನೆಣ್ಣೆ, ಬೀಡಿಯ ಹೊಗೆ ಎಲ್ಲ ಸೇರಿದ ಒಂದು ವಾಸನೆ ಅಲ್ಲಿ ಯಾವಾಗಲೂ ಇರುತ್ತಿತ್ತು.

ಅಪ್ಪ ಶಾಲೆಯಲ್ಲಿ ಮಾಸ್ಟ್ರು. ಭಾನುವಾರ ಬೆಳಿಗ್ಗೆ ಆ ಅಂಗಡಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ತಮ್ಮ ಸರದಿ ಬರುವ ತನಕ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಬೆಂಚಿನಲ್ಲಿ ಕೂತವರು ಕೇಳುತ್ತಾ ನಡುನಡುವೆ ಏನಾದರೂ ತಮಾಷೆ ಮಾಡುತ್ತಿದ್ದರು. ಮನೆಯಲ್ಲಿ ಅಷ್ಟಾಗಿ ನಗದ ಅಪ್ಪ ಅಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನನಗೆ ಆ ನಗುವನ್ನು ನೋಡುವುದೇ ಒಂದು ಹಬ್ಬ.

ಒಂದು ಮಳೆಗಾಲದಲ್ಲಿ ಅಮ್ಮ ಜ್ವರ ಬಂದು ತೀರಿಹೋದರು. ಆಮೇಲೆ ಅಪ್ಪ ಅಂಗಡಿಯ ಕಡೆ ಹೋಗಲಿಲ್ಲ. ಗಡ್ಡ ಬೆಳೆಯಿತು, ನಡುವೆ ಬಿಳಿ ಕೂದಲೂ ಕಾಣಿಸಿತು. ಶಾಲೆಗೆ ಹೋಗಿ ಬರುತ್ತಿದ್ದರು, ನನಗೂ ಅಕ್ಕನಿಗೂ ಗಂಜಿ ಬಡಿಸುತ್ತಿದ್ದರು, ಪಾಠ ಕೇಳುತ್ತಿದ್ದರು. ಆದರೆ ಆ ಗಡ್ಡದ ಹಿಂದೆ ಅವರು ಎಲ್ಲೋ ದೂರ ಇದ್ದಂತೆ ನನಗೆ ಅನಿಸುತ್ತಿತ್ತು. ಮಲಗುವಾಗ ನಾನು ಅಕ್ಕನ ಕಡೆಗೆ ಸರಿದು ಮಲಗುತ್ತಿದ್ದೆ.

ಬೇಸಿಗೆ ರಜೆ ಮುಗಿಯುತ್ತಾ ಬಂದಿದ್ದ ಒಂದು ಭಾನುವಾರ ಅಪ್ಪ ತಾವಾಗಿಯೇ ಅಂಗಿ ಹಾಕಿಕೊಂಡು, "ಬಾ, ಹೋಗುವ" ಎಂದರು. ನಾನು ಹಾರಿಕೊಂಡೇ ಹೊರಟೆ. ಗುಡ್ಡೆಯ ದಾರಿಯಲ್ಲಿ ಉದುರಿ ಬಿದ್ದ ಗೇರುಹಣ್ಣುಗಳು ಬಿಸಿಲಿಗೆ ಹುಳಿ ವಾಸನೆ ಬೀರುತ್ತಿದ್ದವು. ಬರಿಗಾಲಿಗೆ ದಾರಿಯ ಕಾದ ಕೆಂಪು ಮುರಕಲ್ಲು ಚುರುಕ್ಕೆನ್ನುತ್ತಿತ್ತು. ಇವತ್ತು ಅಪ್ಪ ನಗುತ್ತಾರೆ ಎಂದುಕೊಂಡೇ ನಾನು ನಡೆದೆ.

ನಾವು ಒಳಗೆ ಕಾಲಿಟ್ಟ ಕೂಡಲೇ ಅಂಗಡಿಯಲ್ಲಿ ಮಾತು ನಿಂತಿತು. ಯಾರೂ ಪೇಪರ್ ಮುಂದೆ ಚಾಚಲಿಲ್ಲ. ಕ್ಷೌರದ ಅಣ್ಣ ಬಹಳ ಮರ್ಯಾದೆಯಿಂದ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕತ್ತರಿಯಿಂದ ಗಡ್ಡ ಸಣ್ಣ ಮಾಡಿ, ನೊರೆ ಹಚ್ಚಿ, ಕತ್ತಿ ಹಿಡಿದ. ಒಂದು ಕೆನ್ನೆ ನುಣ್ಣಗಾಯಿತು. ಅಷ್ಟರಲ್ಲಿ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಗಂಟಲು ಸರಿ ಮಾಡಿಕೊಂಡರು.

"ಎಂತ ಮಾಸ್ಟ್ರೇ, ಹೀಗೆ ಎಷ್ಟು ದಿನ? ಮಕ್ಕಳು ಸಣ್ಣದು. ಮನೆಗೆ ಒಂದು ಹೆಂಗಸು ಬೇಡವಾ?"

ಅಪ್ಪ ಕಣ್ಣು ಮುಚ್ಚಿಕೊಂಡರು.

"ಕುಂಬ್ಡಾಜೆಯಲ್ಲಿ ಒಂದು ಒಳ್ಳೆ ಸಂಬಂಧ ಉಂಟು. ನೀವು ಹೂಂ ಹೇಳಿದ್ರೆ ಸಾಕು, ನಾನು ಮಾತಾಡ್ತೇನೆ."

ಕ್ಷೌರದ ಅಣ್ಣನೂ ಮೆಲ್ಲಗೆ ಸೇರಿಸಿದ: "ಅವರು ಹೇಳುದು ಸರಿ ಮಾಸ್ಟ್ರೇ. ಹೋದವರು ಹೋದರು. ಎಷ್ಟು ಅಂತ ಕೊರಗುದು?"

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅಪ್ಪ ಕುರ್ಚಿಯಿಂದ ಎದ್ದರು. ಹೆಗಲ ಮೇಲಿನ ಬಟ್ಟೆಯಿಂದ ನೊರೆ ಒರೆಸಿ, ಅದನ್ನು ಮಡಚಿ ಕುರ್ಚಿಯ ಕೈಗೆ ಹಾಕಿ, ಹೊರಗೆ ನಡೆದೇಬಿಟ್ಟರು. "ಮಾಸ್ಟ್ರೇ, ಅರ್ಧ ಆದದ್ದಷ್ಟೇ!" ಎಂದು ಕ್ಷೌರದ ಅಣ್ಣ ಕೂಗಿದ. ಅಪ್ಪ ತಿರುಗಿ ನೋಡಲಿಲ್ಲ. ನಾನು ಹಿಂದೆ ಓಡಿದೆ.

ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯಲ್ಲಿ ಗಡ್ಡ. ಹಾಗೆಯೇ ಅವರು ನಡುರಸ್ತೆಯಲ್ಲಿ ನಡೆದರು. ಮೋರಿಯ ಕಟ್ಟೆಯಲ್ಲಿ ಕೂತಿದ್ದ ಅವರ ಶಾಲೆಯ ಹುಡುಗನೊಬ್ಬ ಎದ್ದು ಕೈಮುಗಿಯಲು ಹೊರಟವನು, ಮುಖ ನೋಡಿ ಕೈಯನ್ನು ಅರ್ಧದಲ್ಲೇ ಇಳಿಸಿದ. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ಅದಕ್ಕಿಂತ ಹೆಚ್ಚಾಗಿ ಆ ಹಿರಿಯರ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಅಕ್ಕ ಬಾವಿಯಿಂದ ನೀರು ಸೇದುತ್ತಿದ್ದಳು. ಅಪ್ಪನನ್ನು ನೋಡಿ ಹಗ್ಗ ಹಿಡಿದುಕೊಂಡೇ ನಿಂತಳು. ಏನಾಯಿತೆಂದು ಕೇಳಲಿಲ್ಲ. ಅಪ್ಪ ಅಟ್ಟಕ್ಕೆ ಹತ್ತಿ, ಹಳೆಯ ತಗಡಿನ ಪೆಟ್ಟಿಗೆಯಿಂದ ಅಜ್ಜನ ಕಾಲದ ಕ್ಷೌರದ ಕತ್ತಿ ತೆಗೆದುಕೊಂಡು ಬಂದರು. ಕೊಂಬಿನ ಹಿಡಿಯೊಳಗೆ ಮಡಚಿಕೊಳ್ಳುವ ಉದ್ದದ ಕತ್ತಿ. ಅದನ್ನು ಸಾಣೆಕಲ್ಲಿನ ಮೇಲೆ ನೀರು ಬಿಟ್ಟು ತುಂಬ ಹೊತ್ತು ಮಸೆದರು. ಆಮೇಲೆ ಹಳೆಯ ಸೊಂಟಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಎಳೆದು ಹಿಡಿದು, ಕತ್ತಿಯನ್ನು ಅದರ ಮೇಲೆ ಅತ್ತಿಂದಿತ್ತ ಎಳೆದರು. ಸರ್, ಸರ್ ಎಂಬ ಆ ಸದ್ದಿಗೆ ನನ್ನ ಮೈ ಜುಂ ಎಂದಿತು.

ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ, ಅಮ್ಮ ಕುಂಕುಮ ಇಟ್ಟುಕೊಳ್ಳುತ್ತಿದ್ದದ್ದು. ಅದು ಅಮ್ಮ ನೆಲದಲ್ಲಿ ಕೂತರೆ ಮುಖಕ್ಕೆ ಸರಿಯಾಗುವ ಎತ್ತರಕ್ಕೆ ಗೋಡೆಯಲ್ಲಿ ತೂಗುತ್ತಿತ್ತು. ಅಪ್ಪ ಉದ್ದದ ಆಳು. ಬಗ್ಗಿದರೆ ಅವರದೇ ನೆರಳು ಬಿದ್ದು ಕತ್ತಲಾಗುತ್ತಿತ್ತು, ನಿಂತರೆ ಮುಖ ಕಾಣುತ್ತಿರಲಿಲ್ಲ.

"ಅಪ್ಪ, ಆಣಿ ಸ್ವಲ್ಪ ಮೇಲೆ ಹೊಡೆಯಲಾ?" ಎಂದಳು ಅಕ್ಕ.

"ಬೇಡ. ಅಲ್ಲಿಯೇ ಇರಲಿ."

ಅಪ್ಪ ಮೊಣಕಾಲೂರಿ ಕೂತರು. ಮೈಗೆ ಹಚ್ಚುವ ಸಾಬೂನನ್ನೇ ಕೆನ್ನೆಗೆ ತಿಕ್ಕಿಕೊಂಡರು. ಕತ್ತಿ ಮೊದಲು ಕಿವಿಯ ಹತ್ತಿರದಿಂದ ಸರಾಗವಾಗಿ ಇಳಿಯಿತು. ಗಲ್ಲದ ತಿರುವಿಗೆ ಬಂದಾಗ ಜಾರಿತು. ಬಿಳಿ ನೊರೆಯಲ್ಲಿ ಕೆಂಪು ಹರಡಿತು.

"ರಕ್ತ! ಅಪ್ಪ, ರಕ್ತ ಬರ್ತಾ ಉಂಟು!" ಎಂದು ನಾನು ಅಳತೊಡಗಿದೆ. ಅಕ್ಕ ಅಡಿಗೆಮನೆಗೆ ಓಡಿ ಕಾಫಿ ಹುಡಿ ತಂದು ಗಾಯಕ್ಕೆ ಒತ್ತಿ ಹಿಡಿದಳು. ಅಪ್ಪ ಮಗುವಿನ ಹಾಗೆ ಮುಖ ಎತ್ತಿ ಕೂತರು. ಆಗ, ಅಷ್ಟು ಹೊತ್ತು ತಡೆದುಕೊಂಡಿದ್ದ ಮಾತು ನನ್ನ ಬಾಯಿಂದ ಬಂದುಬಿಟ್ಟಿತು.

"ಅಪ್ಪ, ನಮ್ಮ ಮನೆಗೆ ಬೇರೆ ಅಮ್ಮ ಬರ್ತಾರಾ?"

ಅಕ್ಕನ ಕೈ ಹಾಗೆಯೇ ನಿಂತಿತು. ಅಪ್ಪ ಕನ್ನಡಿಯನ್ನೇ ನೋಡುತ್ತಿದ್ದರು.

"ಇಲ್ಲ ಮಗಾ," ಎಂದರು. "ಯಾರೂ ಬರುದಿಲ್ಲ."

ಅಕ್ಕ ಎದ್ದು ಒಳಗೆ ಹೋದಳು. ಅಡಿಗೆಮನೆಯಿಂದ ಪಾತ್ರೆಗಳ ಸದ್ದು ಜೋರಾಗಿ ಕೇಳಿತು. ಅಪ್ಪ ಉಳಿದ ಗಡ್ಡವನ್ನು ನಿಧಾನವಾಗಿ, ಒಂದೊಂದೇ ಗೆರೆಯಾಗಿ ತೆಗೆದರು. ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವರ ಮುಖ ಎಷ್ಟು ಸಣಕಲಾಗಿದೆ ಎಂಬುದು ಮೊದಲ ಸಲ ಕಂಡಿತು. ಆದರೂ ನಾನು ಖುಷಿಯಲ್ಲಿದ್ದೆ. ಎರಡು ಸಲ ಗಂಜಿ ಹಾಕಿಸಿಕೊಂಡು ಉಂಡೆ.

ಕೆಲವು ದಿನ ಕಳೆದು ಕ್ಷೌರದ ಅಣ್ಣ ಮನೆಗೇ ಬಂದ. "ತಪ್ಪಾಯಿತು ಮಾಸ್ಟ್ರೇ. ನೀವು ಬಾರದೆ ಅಂಗಡಿ ಅಂಗಡಿಯ ಹಾಗೆ ಇಲ್ಲ" ಎಂದ. ಅಪ್ಪ ಅವನನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ಮನೆಯವರ ಕ್ಷೇಮ ವಿಚಾರಿಸಿದರು. "ಸಿಟ್ಟೆಂತದ್ದೂ ಇಲ್ಲ ಮಾರಾಯ. ಈಗ ನನ್ನ ಕೈಗೇ ಅಭ್ಯಾಸ ಆಗಿದೆ" ಎಂದರು. ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ.

ಕೈಗೆ ಅಭ್ಯಾಸವೇನೋ ಆಯಿತು, ಗಾಯವಾಗುವುದೂ ನಿಂತಿತು. ಆದರೆ ಭಾನುವಾರದ ಪೇಪರನ್ನು ಅವರು ಮನಸ್ಸಿನಲ್ಲೇ ಓದಿಕೊಳ್ಳತೊಡಗಿದರು. ಅಂಗಡಿಯಲ್ಲಿ ಕೇಳುತ್ತಿದ್ದ ಆ ನಗುವನ್ನು ನಾನು ಮತ್ತೆ ಕೇಳಲಿಲ್ಲ. ಅಕ್ಕ ಮದುವೆಯಾಗಿ ಹೋದಳು, ನಾನು ಓದಲು ಪೇಟೆ ಸೇರಿದೆ. ರಜೆಯಲ್ಲಿ ಬಂದಾಗಲೂ ಅಪ್ಪ ಆ ಗೋಡೆಯ ಮುಂದೆ ಮೊಣಕಾಲೂರಿ ಕೂತಿರುತ್ತಿದ್ದರು. ಯಾರೂ ಬರುವುದಿಲ್ಲ ಎಂದು ನಮಗೆ ಮಾತು ಕೊಟ್ಟವರು, ತಾವು ನಗುತ್ತಿದ್ದ ಒಂದೇ ಒಂದು ಜಾಗವನ್ನೂ ಬಿಟ್ಟಿದ್ದರು. ಅದು ನನಗೆ ಅರ್ಥವಾಗುವಾಗ ನನ್ನ ಗಡ್ಡವೇ ಬೆಳ್ಳಗಾಗಿತ್ತು.

ಮಕ್ಕಳೇ, ನಿಮ್ಮ ಅಪ್ಪ, ಎಂದರೆ ನನ್ನ ಮಗ, ಗಡ್ಡ ತೆಗೆಯುವುದು ಗುಂಯ್ ಎನ್ನುವ ಮೆಷಿನಿನಲ್ಲಿ. ಅದು ಓಡುತ್ತಿರುವಾಗಲೇ ನೀವು ಬಚ್ಚಲ ಬಾಗಿಲಲ್ಲಿ ನಿಂತು ನೂರು ಪ್ರಶ್ನೆ ಕೇಳುತ್ತೀರಿ, ಅವನೂ ಮುಖ ಓರೆ ಮಾಡಿಕೊಂಡೇ ಉತ್ತರ ಹೇಳುತ್ತಾನೆ. ನಮ್ಮ ಕಾಲದಲ್ಲಿ ದೊಡ್ಡವರ ಮನಸ್ಸನ್ನು ಕೇಳುವ ರೂಢಿ ಮಕ್ಕಳಿಗೆ ಇರಲಿಲ್ಲ. ನನಗೆ ಬೇಕಾದ್ದನ್ನು ನಾನು ಕೇಳಿದೆ. ಅಪ್ಪನಿಗೆ ಬೇಜಾರವಾ ಎಂದು ನಾನೂ ಕೇಳಲಿಲ್ಲ, ಅಕ್ಕನೂ ಕೇಳಲಿಲ್ಲ.

ನಿಮ್ಮ ಅಜ್ಜಿ ತೀರಿಹೋದ ಮೇಲೆ, ಮೊನ್ನೆ ಊಟದ ಹೊತ್ತಿಗೆ ನಿಮ್ಮಲ್ಲಿ ಚಿಕ್ಕವಳು ನನ್ನ ಮುಖವನ್ನೇ ನೋಡಿ, "ಅಜ್ಜ, ನಿಮಗೆ ತುಂಬ ಬೇಜಾರಾಗ್ತದಾ?" ಎಂದಳು. "ಆಗ್ತದೆ ಮಗಾ" ಎಂದೆ ನಾನು. ಅವಳು ತನ್ನ ತಟ್ಟೆ ಎತ್ತಿಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತು ಊಟ ಮುಂದುವರಿಸಿದಳು.